ಅಂಕಿಗಳಲ್ಲಿ ಅಡಗಿದ ಮನೋಧರ್ಮ

ಪರದೇಶದ ಸಂಗೀತವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆನು. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಲ್ಲಿ ಪಿಟೀಲು ಕಲಿಯುತ್ತಿರುವ ಮೊಮ್ಮಗಳು, ಬೆಂಗಳೂರಿಗೆ ಬಂದಿದ್ದ ಐರೋಪ್ಯ ವಾದ್ಯವೃಂದವೊಂದರ ಕಛೇರಿಗೆ ಹೋಗಬೇಕೆಂದು ಹಠ ಹಿಡಿದಳು. ಬರೆದುದನ್ನು ನೋಡಿ ನುಡಿಸುವುದರಲ್ಲಿ ಮನೋಧರ್ಮಕ್ಕೆ ಎಡೆಯೆಲ್ಲಿ? ಕಲಿತುದೂ ಕೆಟ್ಟೀತೆಂದು ತಡೆದೆನು. ಕಡೆಗೆ ಅವಳ ಕಣ್ಣೀರಿಗೆ ಸೋತು, ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನಕ್ಕೆ ಕರೆದೊಯ್ದೆನು.

ಅಂದು ನುಡಿಸಿದುದು ‘ಬರೋಕ್’ ಸಂಗೀತ. ಸುಮಾರು 1600ರಿಂದ 1750ರವರೆಗಿನದು. ವಿವಾಲ್ಡಿ (1678–1741), ಬಾಖ್ (1685–1750) ಈ ಕಾಲದವರು. ಅಲ್ಲಿದ್ದ ಹಾರ್ಪ್ಸಿಕಾರ್ಡೆಂಬ ವಾದ್ಯವು ಪಿಯಾನೋವಿನಂತೆ ತೋರಿದರೂ, ಅದರ ತಂತಿಗಳನ್ನು ಸುತ್ತಿಗೆಗಳು ಬಡಿಯುವುದಿಲ್ಲ. ಸಣ್ಣ ಕೊಕ್ಕೆಗಳು ಮೀಟುವುವು. ಅದನ್ನು ನುಡಿಸುವವನ ಮುಂದೆ ಅನೇಕ ಕೃತಿಗಳಲ್ಲಿ ಮಂದ್ರದ ಸ್ವರಪಂಕ್ತಿಯೊಂದು, ಅದರೊಡನೆ ಕೆಲವು ಅಂಕಿಗಳು ಮಾತ್ರ ಇರುವುವು. ಯಾವ ಸ್ವರಗಳು ಕೂಡಬೇಕೆಂಬುದನ್ನು ಅಂಕಿಗಳು ಸೂಚಿಸುವುವು; ಅವನ್ನು ಹರಡಿ ಅಲಂಕರಿಸುವ ಬಗೆಯು ವಾದಕನ ವಿವೇಚನೆಗೆ ಸೇರಿದುದು. ಮನೋಧರ್ಮವೆಂದರೆ ಇದೇ ಅಲ್ಲವೆ?

ಪಿಟೀಲಾದರೂ ಪಶ್ಚಿಮದಿಂದ ಬಂದುದೇ. ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಮೈಸೂರಿನ ಜಯಚಾಮರಾಜ ಒಡೆಯರೇ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಘಕ್ಕೆ ಪ್ರಥಮಾಧ್ಯಕ್ಷರಾದರು. ಅವರಿಗಿಲ್ಲದ ಭಯ ನನಗೇಕೆ?

ಇಂತಹ ಕಛೇರಿಗೆ ಹೋಗುವವರು ಕಾರ್ಯಕ್ರಮದ ಪಟ್ಟಿಯನ್ನು ಮಕ್ಕಳಿಗೆ ಮುಂಚಿತವಾಗಿ ಓದಿ ಹೇಳತಕ್ಕದ್ದು. ಕೃತಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವ ಇಂದಿನ ರೂಢಿಯನ್ನೂ ತಿಳಿಸತಕ್ಕದ್ದು. ಮರಳುವಾಗ ಮೊಮ್ಮಗಳು, “ತಾತ, ನಾಳೆಯ ಪಾಠಕ್ಕೆ ಹೋಗಬಹುದೆ?” ಎಂದಳು. “ನಾನೇ ಕರೆದೊಯ್ಯುವೆನು” ಎಂದೆನು.