ಕೋ-ಆಪ್ಷನ್: ಕುರ್ಚಿ ಸಿಕ್ಕಿತು, ಓಟು ಸಿಕ್ಕಿತೇ?



ಗಡಿನಾಡಿನಲ್ಲಿರುವ ನಮಗೆ ಒಂದೇ ಸಂಗತಿ ಎರಡು ಮೂರು ಹೆಸರಿನಲ್ಲಿ ಕಿವಿಗೆ ಬೀಳುವುದು ಹೊಸದೇನಲ್ಲ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರು ‘ಕೋ-ಆಪ್ಷನ್ ಸಭ್ಯುಡು’ ಎಂಬ ಮಾತನ್ನು ಕೇಳಿರುತ್ತೀರಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ‘ಸ್ವೀಕೃತ ನಗರಸೇವಕ’ ಎಂದರೆ ಗೊತ್ತು. ಕೆಲವರು ಇದನ್ನು ಕೋ-ಆಪರೇಟಿವ್, ಅಂದರೆ ಸಹಕಾರ ಸಂಘದ ಮಾತೆಂದು ತಿಳಿಯುವುದುಂಟು. ಅದು ಬೇರೆ, ಇದು ಬೇರೆ.

ಯಾವುದೇ ಸಭೆಯೊಳಗೆ ಹೋಗಲು ಮೂರು ಬಾಗಿಲುಗಳಿವೆ ಎಂದುಕೊಳ್ಳಿ. ಜನ ಓಟು ಹಾಕಿ ಕಳಿಸಿದರೆ ಅದು ಚುನಾವಣೆ. ಸರಕಾರ ಮೇಲಿನಿಂದ ಹೆಸರು ಸೂಚಿಸಿದರೆ ಅದು ನಾಮನಿರ್ದೇಶನ. ಆಗಲೇ ಒಳಗೆ ಕುಳಿತಿರುವ ಸದಸ್ಯರೇ ಸೇರಿ ಇನ್ನೊಬ್ಬರನ್ನು ಆರಿಸಿ ಕರೆದುಕೊಂಡರೆ ಅದು ಕೋ-ಆಪ್ಷನ್. ಲ್ಯಾಟಿನ್ ಮೂಲದ ಈ ಪದದ ಅರ್ಥವೂ ಅದೇ: ಜೊತೆಗೂಡಿ ಆರಿಸಿಕೊಳ್ಳುವುದು.

ಆಂಧ್ರಪ್ರದೇಶದ 1994ರ ಪಂಚಾಯತ್ ರಾಜ್ ಕಾಯ್ದೆಯನ್ನೇ ನೋಡಿ. ಮಂಡಲ ಪರಿಷತ್ತಿಗೆ ಅಲ್ಪಸಂಖ್ಯಾತರಲ್ಲಿ ಒಬ್ಬರನ್ನು, ಜಿಲ್ಲಾ ಪರಿಷತ್ತಿಗೆ ಇಬ್ಬರನ್ನು ಹೀಗೆ ಸೇರಿಸಿಕೊಳ್ಳುತ್ತಾರೆ. ಆದರೆ ಅಧ್ಯಕ್ಷರನ್ನು ಆರಿಸುವಾಗ ಇವರಿಗೆ ಓಟಿಲ್ಲ. ತೆಲಂಗಾಣದ 2018ರ ಕಾಯ್ದೆ ಗ್ರಾಮ ಪಂಚಾಯಿತಿಗೂ ಮೂವರು ಕೋ-ಆಪ್ಷನ್ ಸದಸ್ಯರನ್ನು ಕೊಟ್ಟಿದೆ, ಅವರಿಗೂ ಓಟಿಲ್ಲ. ಇನ್ನು ಪಟ್ಟಣಗಳ ಮಾತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯ ಪ್ರಕಾರ ಪುರಸಭೆಯ ಆಡಳಿತದಲ್ಲಿ ವಿಶೇಷ ಜ್ಞಾನ, ಅನುಭವ ಇರುವವರಿಗೆ ಸ್ಥಾನ ಕೊಡಬಹುದು. ಅವರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ.

ಹಾಗಾದರೆ ಈ ಕುರ್ಚಿಯಿಂದ ಪ್ರಯೋಜನವಿಲ್ಲವೇ? ಹೆಣ್ಣುಮಕ್ಕಳ ವಿಷಯದಲ್ಲಿ ಏನಾಯಿತೆಂದು ನೋಡೋಣ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ಪಂಚಾಯತ್ ಸಮಿತಿಗೆ ಇಬ್ಬರು ಮಹಿಳೆಯರನ್ನು ಕೋ-ಆಪ್ಟ್ ಮಾಡಿಕೊಳ್ಳಬೇಕೆಂದು ಹೇಳಿತು. ಅಲ್ಲಿಯವರೆಗೆ ಅಷ್ಟೂ ಇರಲಿಲ್ಲವೆಂದಮೇಲೆ ಅದು ಒಂದು ಹೆಜ್ಜೆಯೇ ಸರಿ. ಆದರೆ ಕರೆದವರ ಕೃಪೆಯಿಂದ ಬಂದ ಕುರ್ಚಿಯಲ್ಲಿ ಕೂತವರು ಕರೆದವರ ಮುಖ ನೋಡಬೇಕಾಗುತ್ತದೆ. 1993ರಲ್ಲಿ 73ನೆಯ ತಿದ್ದುಪಡಿ ಬಂದು, ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ಮೇಲೆ ಅವರು ಓಟು ಗೆದ್ದು ಬಂದರು. ಕೃಪೆಯಾಗಿದ್ದದ್ದು ಹಕ್ಕಾಯಿತು.

ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ನಾವು ಅದನ್ನು ‘ಬುಟ್ಟಿಗೆ ಹಾಕಿಕೊಳ್ಳುವುದು’ ಎನ್ನುತ್ತೇವೆ. ಎದುರು ನಿಂತು ಕೂಗುವವನಿಗೆ ಒಳಗೆ ಒಂದು ಕುರ್ಚಿ, ಒಂದು ಶಾಲು ಕೊಟ್ಟರೆ ಕೂಗು ನಿಲ್ಲುತ್ತದೆ. ಬೇಡಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಫಿಲಿಪ್ ಸೆಲ್ಜ್ನಿಕ್ 1949ರಲ್ಲಿ ಟೆನೆಸ್ಸಿ ಕಣಿವೆ ಯೋಜನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ವಿರೋಧ ತಪ್ಪಿಸಲು ಯೋಜನೆಯವರು ಊರಿನ ಪ್ರಬಲರನ್ನು ಒಳಗೆ ಸೇರಿಸಿಕೊಂಡರು. ಆದರೆ ಒಳಗೆ ಬಂದ ಆ ಪ್ರಬಲರು ಯೋಜನೆಯ ದಾರಿಯನ್ನೇ ತಮ್ಮ ಕಡೆಗೆ ತಿರುಗಿಸಿದರು. ಅಂದರೆ, ಬುಟ್ಟಿಗೆ ಯಾರು ಬೀಳುತ್ತಾರೆ ಎಂಬುದು ಒಳಗೆ ಹೋದವರ ಹಿಂದೆ ಎಷ್ಟು ಬಲವಿದೆ ಎಂಬುದರ ಮೇಲೆ ನಿಂತಿದೆ.

ನಾಳೆ ನಿಮ್ಮೂರಿನ ಶಾಲೆಯ ಸಮಿತಿಗೋ ಪಂಚಾಯಿತಿಗೋ, ‘ಕನ್ನಡದವರ ಪರವಾಗಿ ನೀವೂ ಒಬ್ಬರು ಬನ್ನಿ’ ಎಂದು ಕರೆ ಬಂದರೆ ಬೇಡವೆನ್ನಬೇಡಿ, ಹೋಗಿ. ಆದರೆ ಮೊದಲೇ ನಾಲ್ಕು ಮಾತು ಕೇಳಿಕೊಳ್ಳಿ: ನನಗೆ ಓಟು ಇದೆಯೇ? ಸಭೆಯ ನೋಟೀಸು ನನಗೂ ಬರುತ್ತದೆಯೇ? ನಾನು ಒಪ್ಪದಿದ್ದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತೀರಾ? ನನ್ನನ್ನು ತೆಗೆಯುವ ಅಧಿಕಾರ ಯಾರದು? ಪ್ರತಿ ಸಭೆಯಾದ ಮೇಲೆ ಊರಿಗೆ ಬಂದು, ಅಲ್ಲಿ ಏನು ನಡೆಯಿತೆಂದು ನಾಲ್ಕು ಜನರ ಮುಂದೆ ಹೇಳಿ. ಓಟಿಲ್ಲದ ಸದಸ್ಯನಿಗೆ ಊರೇ ಬಲ.