ವಿಕ್ಟೋರಿಯಾ ಕಾಲದ ಜೈಲು ಮತ್ತು ಮಹಿಳಾ ಕೈದಿಗಳು

ಕರಾವಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುವ ನಮ್ಮವರಿಗೆ, ಆ ನಿಲ್ದಾಣದ ಆಚೀಚೆ ಇರುವ ಎರಡು ಹಳೆಯ ಜಾಗಗಳ ಪರಿಚಯ ಅಷ್ಟಾಗಿ ಇರುವುದಿಲ್ಲ. ರೈಲು ನಿಲ್ದಾಣದ ಹಿಂದಿನ ಭಾಗಕ್ಕೆ ಹೋದರೆ ಬಿನ್ನಿಪೇಟೆ. 1884ರಲ್ಲಿ ಆರಂಭವಾದ ಬಟ್ಟೆ ಗಿರಣಿಯೊಂದು ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದು ಆ ಪೇಟೆಗೆ ಈ ಹೆಸರು ಕೊಟ್ಟಿತು. ಇನ್ನೊಂದು ದಿಕ್ಕಿನಲ್ಲಿ, ಶೇಷಾದ್ರಿ ರಸ್ತೆಯಲ್ಲಿ, ಸ್ವಾತಂತ್ರ್ಯ ಉದ್ಯಾನವಿದೆ. ಧರಣಿ, ಉಪವಾಸ ಸತ್ಯಾಗ್ರಹಗಳ ಸುದ್ದಿಯಲ್ಲಿ ಪದೇ ಪದೇ ಕೇಳಿಬರುವ ಫ್ರೀಡಂ ಪಾರ್ಕ್ ಎಂದರೆ ಇದೇ. 1860ರ ದಶಕದಿಂದ 2000ನೇ ಇಸವಿಯವರೆಗೆ ಇದು ಬೆಂಗಳೂರಿನ ಕೇಂದ್ರ ಕಾರಾಗೃಹವಾಗಿತ್ತು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಿಸಿದ ಮೇಲೆ, 2008ರಲ್ಲಿ ಇದು ಉದ್ಯಾನವಾಗಿ ತೆರೆದುಕೊಂಡಿತು.

ಗಿರಣಿ, ಜೈಲು ಎರಡೂ ವಿಕ್ಟೋರಿಯಾ ರಾಣಿಯ (1837–1901) ಕಾಲದವು. ಒಂದರಲ್ಲಿ ಸೈರನ್, ಇನ್ನೊಂದರಲ್ಲಿ ಗಂಟೆ. ಗಡಿಯಾರದಂತೆ ಏಳಿಸಿ, ದುಡಿಸಿ, ಮಲಗಿಸಿದರೆ ಮನುಷ್ಯ ಸರಿಹೋಗುತ್ತಾನೆ ಎಂದು ಆ ಕಾಲ ನಂಬಿತ್ತು. ಹಳೆಯ ಜೈಲಿನ ನಡುವಿನ ಕಾವಲು ಗೋಪುರ ಈಗಲೂ ನಿಂತಿದೆ. ಅದರ ಸುತ್ತ ಚಕ್ರದ ಅರಗಳಂತೆ ಬ್ಯಾರಕ್‌ಗಳು ಹರಡಿಕೊಂಡಿದ್ದವು. ಮೇಲೆ ನಿಂತ ಒಬ್ಬನೇ ಕಾವಲುಗಾರ ಎಲ್ಲರ ಮೇಲೂ ಕಣ್ಣಿಡಬಹುದು. ಅವನು ತಮ್ಮನ್ನು ನೋಡುತ್ತಿದ್ದಾನೋ ಇಲ್ಲವೋ ಎಂಬುದು ಕೆಳಗಿನವರಿಗೆ ತಿಳಿಯದು. ಈ ಯೋಚನೆ ಇಂಗ್ಲೆಂಡಿನ ಜೆರೆಮಿ ಬೆಂಥಾಂ ಅವರದ್ದು. ಅವರ ಮನಸ್ಸಿನಲ್ಲಿದ್ದ ಕೈದಿ ಗಂಡಸು. ಮಹಿಳಾ ಕೈದಿಗಳ ಪಾಡನ್ನು ಅರಿಯಬೇಕಾದರೆ ಈ ಮಾತಿನಿಂದಲೇ ತೊಡಗಬೇಕು ಎಂದು ನಮಗೆ ತೋರುತ್ತದೆ. ಜೈಲುಗಳನ್ನು ಕಟ್ಟಿದ್ದು ಗಂಡಸರಿಗೆ. ಹೆಂಗಸರ ಸಂಖ್ಯೆ ಯಾವಾಗಲೂ ಕಡಿಮೆ. ಕಡಿಮೆ ಇದ್ದವರಿಗೆ ಸಿಕ್ಕಿದ್ದು ಒಂದು ಮೂಲೆ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವುದಕ್ಕೂ ಮುಂಚೆ ಆ ಮೂಲೆ ಹೇಗಿತ್ತು ಎಂಬುದನ್ನು ಜಗತ್ತಿಗೆ ತಿಳಿಸಿದವರು ಎಲಿಜಬೆತ್ ಫ್ರೈ ಎಂಬ ಗೃಹಿಣಿ. ಕ್ವೇಕರ್ ಪಂಥದವರಾದ ಅವರು 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನೊಳಗೆ ಕಾಲಿಟ್ಟಾಗ, ಸುಮಾರು ಮುನ್ನೂರು ಹೆಂಗಸರು ತಮ್ಮ ಮಕ್ಕಳೊಂದಿಗೆ ಕುರಿಗಳಂತೆ ತುಂಬಿಕೊಂಡಿದ್ದರು. ವಿಚಾರಣೆ ಮುಗಿಯದವರು, ಶಿಕ್ಷೆಯಾದವರು, ನೇಣಿಗೆ ಕಾದಿದ್ದವರು ಎಲ್ಲರೂ ಒಟ್ಟಿಗೆ. ಅಡುಗೆ, ಬಟ್ಟೆ ಒಗೆತ, ನಿದ್ದೆ ಎಲ್ಲವೂ ಅಲ್ಲೇ. ಫ್ರೈ ಅವರು ಮೊದಲು ಬಟ್ಟೆ ಕೊಂಡೊಯ್ದರು. 1817ರಲ್ಲಿ ಒಳಗಿನ ಮಕ್ಕಳಿಗಾಗಿ ಶಾಲೆ ತೆರೆದರು, ಹೆಂಗಸರಿಗೆ ಹೊಲಿಗೆ ಕೆಲಸ ಕೊಡಿಸಿದರು. ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಬಹಳ ಹಿಡಿಸುತ್ತದೆ: ನಿಯಮಗಳನ್ನು ಮೇಲಿನಿಂದ ಹೇರದೆ, ಒಂದೊಂದನ್ನೂ ಕೈದಿಗಳ ಮುಂದೆ ಓದಿ, ಅವರು ಕೈಯೆತ್ತಿ ಒಪ್ಪಿದ ಮೇಲೆಯೇ ಜಾರಿಗೆ ತಂದರು. ಹೆಂಗಸರನ್ನು ಹೆಂಗಸರೇ ಕಾಯಬೇಕು ಎಂಬ ಅವರ ಬೇಡಿಕೆ 1823ರಲ್ಲಿ ಕಾನೂನಾಯಿತು.

ಹಾಗೆಂದು ವಿಕ್ಟೋರಿಯಾ ಕಾಲದಲ್ಲಿ ಎಲ್ಲವೂ ಸುಧಾರಿಸಿತು ಎನ್ನುವಂತಿಲ್ಲ. ಗದ್ದಲ ಹೋಗಿ ಮೌನ ಬಂತು. ಕೈದಿಗಳು ಒಬ್ಬರೊಡನೊಬ್ಬರು ಮಾತಾಡಬಾರದು, ಒಂಟಿ ಕೋಣೆಯಲ್ಲಿದ್ದು ತಮ್ಮ ಪಾಪವನ್ನು ನೆನೆಯಬೇಕು ಎಂಬುದು ಹೊಸ ಪದ್ಧತಿ. ಹೆಂಗಸರಿಗೆ ಬಟ್ಟೆ ಒಗೆಯುವ ಮತ್ತು ಹೊಲಿಯುವ ಕೆಲಸ, ಇಲ್ಲವೇ ಹಳೆಯ ಹಗ್ಗ ಬಿಡಿಸುವ ಕೆಲಸ. ಈ ಕೊನೆಯದು ಏನೆಂದು ನಮ್ಮ ಮೀನುಗಾರ ಬಂಧುಗಳಿಗೆ ಬೇಗ ತಿಳಿಯುತ್ತದೆ. ಮರದ ಹಡಗಿನ ಹಲಗೆಗಳ ಸಂದಿನಲ್ಲಿ ನೀರು ಬಾರದಂತೆ ನಾರು ತುರುಕಿ ಟಾರು ಬಳಿಯುತ್ತಿದ್ದರಲ್ಲ, ಆ ನಾರನ್ನು ಟಾರು ಮೆತ್ತಿ ಗಟ್ಟಿಯಾದ ಹಳೆಯ ಹಡಗಿನ ಹಗ್ಗಗಳಿಂದ ಬೆರಳಿನಲ್ಲೇ ಬಿಡಿಸಿ ತೆಗೆಯಬೇಕಿತ್ತು. ಉಗುರು ಕಿತ್ತು ಬೆರಳು ಒಡೆಯುತ್ತಿತ್ತು.

ಇವರೆಲ್ಲ ಮಹಾ ಅಪರಾಧಿಗಳೇನೂ ಅಲ್ಲ. ಕುಡಿತ, ಬೀದಿಯಲ್ಲಿ ಗಲಾಟೆ, ವೇಶ್ಯಾವೃತ್ತಿ, ಚಿಲ್ಲರೆ ಕಳವು ಇಂಥ ಕಾರಣಗಳಿಗೆ ಕೆಲವೇ ದಿನಗಳ ಶಿಕ್ಷೆಗೆ ಬಂದವರೇ ಹೆಚ್ಚು. ಹೊರಗೆ ಹೋದರೆ ಕೆಲಸ ಕೊಡುವವರಿಲ್ಲದ್ದರಿಂದ ಮತ್ತೆ ಒಳಗೆ. ಜೇನ್ ಕೇಕ್‌ಬ್ರೆಡ್ ಎಂಬ ಲಂಡನ್ನಿನ ಹೆಂಗಸನ್ನು ಕುಡಿತಕ್ಕಾಗಿ ಸುಮಾರು 280 ಬಾರಿ ಬಂಧಿಸಲಾಗಿತ್ತು. ಆಕೆಗೆ ಬೇಕಿದ್ದದ್ದು ಚಿಕಿತ್ಸೆ ಎಂದು ಅರಿವಾಗುವಾಗ ಆಯುಷ್ಯ ಕಳೆದಿತ್ತು. 1898ರಲ್ಲಿ ಆಕೆ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗಂಡಸು ತಪ್ಪು ಮಾಡಿದರೆ ಕಾನೂನು ಮುರಿದವನು. ಹೆಂಗಸು ತಪ್ಪು ಮಾಡಿದರೆ ಕಾನೂನನ್ನೂ ಹೆಣ್ಣುತನವನ್ನೂ ಮುರಿದವಳು ಎಂಬ ಲೆಕ್ಕ ಆಗಿನದು. ಈ ಲೆಕ್ಕ ಈಗ ಪೂರ್ತಿ ಹೋಗಿದೆಯೇ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇವೆ.

ನಮ್ಮ ದೇಶಕ್ಕೂ ಇದೇ ವ್ಯವಸ್ಥೆ ಬಂತು, ಆದರೆ ಅರ್ಧಂಬರ್ಧವಾಗಿ. 1866ರಲ್ಲಿ ಇಂಗ್ಲೆಂಡಿನಿಂದ ಬಂದ ಸಮಾಜ ಸುಧಾರಕಿ ಮೇರಿ ಕಾರ್ಪೆಂಟರ್ ಇಲ್ಲಿನ ಹಲವು ಜೈಲುಗಳನ್ನು ಸಂದರ್ಶಿಸಿದರು. ಇಂಗ್ಲೆಂಡಿನಲ್ಲಿ ನಾಲ್ಕು ದಶಕಗಳ ಹಿಂದೆಯೇ ಕಾನೂನಾಗಿದ್ದ ಸಂಗತಿ ಇಲ್ಲಿ ಇರಲಿಲ್ಲ. ಮಹಿಳಾ ಕೈದಿಗಳನ್ನು ಗಂಡಸರೇ ಕಾಯುತ್ತಿದ್ದರು. ಕಾಳು ಬೀಸುವುದು, ಹಸನು ಮಾಡುವುದು, ನೂಲುವುದು ಅವರ ಕೆಲಸ. ಕೊಲೆಗಾಗಿ ಶಿಕ್ಷೆಗೊಳಗಾದ ಹೆಂಗಸರಲ್ಲಿ ಹಸುಗೂಸನ್ನು ಕೊಂದ ಆರೋಪ ಹೊತ್ತ ವಿಧವೆಯರೂ ಇದ್ದರು. 1881ರಲ್ಲಿ ಸೂರತ್ತಿನ ವಿಜಯಲಕ್ಷ್ಮಿ ಎಂಬ ವಿಧವೆಗೆ ಇಂಥದೇ ಆರೋಪದಲ್ಲಿ ಮರಣದಂಡನೆಯಾಯಿತು. ಬಳಿಕ ಅದನ್ನು ಇಳಿಸಲಾಯಿತು. ಮಗುವಿನ ತಂದೆ ಯಾರು, ಅವನಿಗೇಕೆ ಶಿಕ್ಷೆಯಿಲ್ಲ ಎಂದು ಯಾರೂ ಕೇಳದ ಕಾಲದಲ್ಲಿ ಮರಾಠಿ ಲೇಖಕಿ ತಾರಾಬಾಯಿ ಶಿಂದೆ ಮರುವರ್ಷವೇ ಅದನ್ನು ಕೇಳಿ ಪುಸ್ತಕ ಬರೆದರು.

ಹೆಂಗಸರನ್ನು ಗಂಡಸರ ಕಣ್ಣಿಗೆ ಬೀಳದಂತೆ ಬೇರೆಯೇ ಇಡಬೇಕು, ಅವರ ತಪಾಸಣೆಯನ್ನು ಮಹಿಳೆಯೇ ಮಾಡಬೇಕು, ಶಿಕ್ಷೆಯ ರೂಪದಲ್ಲಿ ಅವರಿಗೆ ಬೇಡಿ ಹಾಕುವುದಾಗಲಿ ಛಡಿಯೇಟು ಕೊಡುವುದಾಗಲಿ ಕೂಡದು ಎಂದು 1894ರ ಬಂದೀಖಾನೆ ಕಾಯಿದೆ ಹೇಳಿತು. ಕಾಗದದ ಮೇಲೆ ಒಳ್ಳೆಯ ಮಾತುಗಳೇ. ಅವು ಗೋಡೆಯೊಳಗೆ ಎಷ್ಟು ಇಳಿದವು ಎಂಬುದಕ್ಕೆ ಶೇಷಾದ್ರಿ ರಸ್ತೆಯ ಜೈಲೇ ಒಂದು ಸಾಕ್ಷಿ ಒದಗಿಸಿದೆ. ಅದು ವಿಕ್ಟೋರಿಯಾ ರಾಣಿ ತೀರಿಕೊಂಡು ಮುಕ್ಕಾಲು ಶತಮಾನವಾದ ಮೇಲಿನದು.

1976ರ ಮೇ 2ರಂದು, ತುರ್ತು ಪರಿಸ್ಥಿತಿಯ ವೇಳೆ, ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಈ ಜೈಲಿಗೆ ತರಲಾಯಿತು. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವರು ರಂಗಭೂಮಿಯ ಕಲಾವಿದೆ. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರು. ಆ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಬಂಧನಕ್ಕೆ ಕಾರಣ, ಭೂಗತರಾಗಿದ್ದ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಅವರ ಜತೆಗಿನ ಒಡನಾಟ. ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು ಹಿಂಸಿಸಿದ್ದನ್ನು ನಮ್ಮ ಹಿರಿಯರು ಮರೆತಿರಲಾರರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ದೋಷಾರೋಪ ಪಟ್ಟಿಯಲ್ಲಿ ಸ್ನೇಹಲತಾ ಅವರ ಹೆಸರೇ ಇರಲಿಲ್ಲ. ಆದರೂ ಆಂತರಿಕ ಭದ್ರತಾ ಕಾಯಿದೆ, ಅಂದರೆ ಮೀಸಾ, ಅಡಿಯಲ್ಲಿ ಎಂಟು ತಿಂಗಳು ಅವರನ್ನು ಒಳಗೇ ಇಡಲಾಯಿತು.

ಅವರನ್ನು ಇರಿಸಿದ್ದು ಒಂಟಿ ಕೋಣೆಯಲ್ಲಿ. ಅದರ ಒಂದು ತುದಿಯಲ್ಲಿದ್ದ ಕಿಂಡಿಯೇ ಶೌಚಾಲಯ. ಅವರಿಗೆ ತೀವ್ರ ಉಬ್ಬಸವಿತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಸಂಸದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಸ್ನೇಹಲತಾ ಗುಟ್ಟಾಗಿ ದಿನಚರಿ ಬರೆದರು. ಅದರಲ್ಲಿ ತಮ್ಮ ನೋವಿನ ಜತೆಗೆ, ಹೆಸರಿಲ್ಲದ ಇತರ ಮಹಿಳಾ ಕೈದಿಗಳ ನೋವನ್ನೂ ದಾಖಲಿಸಿದರು: ಒಳಗೆ ಬರುವ ಹೆಂಗಸರನ್ನು ಎಲ್ಲರೆದುರು ಬಟ್ಟೆ ಬಿಚ್ಚಿಸಿ ಅವಮಾನಿಸುವುದು, ಹೊಡೆತ, ಕೆಟ್ಟ ಊಟ. ಕಾಯಿಲೆಯ ನಡುವೆಯೇ ಅವರು ಇದನ್ನು ಪ್ರತಿಭಟಿಸಿದರು. ಹೊಡೆತ ಕಡಿಮೆಯಾಯಿತು, ಊಟ ಸ್ವಲ್ಪ ಸುಧಾರಿಸಿತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪರೋಲ್ ಮೇಲೆ ಬಿಟ್ಟರು. ಐದನೇ ದಿನ, ಜನವರಿ 20ರಂದು, ಅವರು ಮರಣ ಹೊಂದಿದರು. ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು.

1894ರ ಕಾನೂನಿನ ನೆರಳಲ್ಲಿ ನಡೆಯುತ್ತಿದ್ದ ಜೈಲೊಂದರಲ್ಲಿ ಒಬ್ಬ ಸುಶಿಕ್ಷಿತ, ಹೆಸರಾಂತ ಮಹಿಳೆಗೆ ಇದಾದರೆ, ಹೆಬ್ಬೆಟ್ಟು ಒತ್ತುವ ಹೆಂಗಸಿನ ಗತಿಯೇನು ಎಂಬುದನ್ನು ಊಹಿಸಬಹುದು. ಫ್ರೈ ಕಂಡದ್ದನ್ನೂ ಸ್ನೇಹಲತಾ ಅನುಭವಿಸಿದ್ದನ್ನೂ ಜೋಡಿಸಿ ನೋಡಿದರೆ ಒಂದು ಅಂಶ ಗಮನಕ್ಕೆ ಬರುತ್ತದೆ. ಮಹಿಳಾ ವಿಭಾಗ ಸುಧಾರಿಸಿದ್ದು ಹೊರಗಿನವರೊಬ್ಬರು ಒಳಗೆ ಹೋಗಿ ಕಂಡಾಗ, ಇಲ್ಲವೇ ಒಳಗಿನವರೊಬ್ಬರು ಹೊರಗೆ ಬರೆದು ಕಳುಹಿಸಿದಾಗ. ನಿಯಮಪುಸ್ತಕ ತಾನಾಗಿ ಬಾಗಿಲು ತೆರೆದದ್ದು ಕಡಿಮೆ.

ಬಿಡುಗಡೆಯಾದ ಮೇಲಿನ ಸಮಸ್ಯೆ ಇನ್ನೊಂದು. ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ನಂಟಿದೆ. ದಿಕ್ಕುಗೆಟ್ಟ ಹೆಣ್ಣುಮಕ್ಕಳಿಗಾಗಿಯೇ ಫ್ರಾನ್ಸಿನಲ್ಲಿ ಸಂತ ಮೇರಿ ಯೂಫ್ರೇಸಿಯಾ ಸ್ಥಾಪಿಸಿದ ಗುಡ್ ಶೆಫರ್ಡ್ ಸಂಸ್ಥೆಯ ಧರ್ಮಭಗಿನಿಯರು 1854ರಲ್ಲಿಯೇ, ಅಂದರೆ ಕೇಂದ್ರ ಕಾರಾಗೃಹ ಏಳುವುದಕ್ಕೂ ಮೊದಲೇ, ಬೆಂಗಳೂರಿಗೆ ಬಂದಿದ್ದರು. 1886ರ ಸಂತ ಮಾರ್ಥಾ ಆಸ್ಪತ್ರೆ ಅವರದ್ದೇ.

ಇಂದಿನ ಚಿತ್ರವನ್ನೂ ಹೇಳಬೇಕು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5,73,000 ಕೈದಿಗಳಲ್ಲಿ ಮಹಿಳೆಯರು ಸುಮಾರು 23,800, ಎಂದರೆ ಶೇಕಡಾ 4ರಷ್ಟು. 1,500ಕ್ಕೂ ಹೆಚ್ಚು ತಾಯಂದಿರ ಜತೆ 1,700ಕ್ಕೂ ಹೆಚ್ಚು ಮಕ್ಕಳು ಒಳಗಿದ್ದರು. ಆರು ವರ್ಷದವರೆಗೆ ಮಗು ತಾಯಿಯ ಜತೆ ಇರಬಹುದು, ಆ ಮಗುವನ್ನು ಕೈದಿಯಂತೆ ಕಾಣಕೂಡದು, ಅದಕ್ಕೆ ತಕ್ಕ ಊಟ, ಬಟ್ಟೆ, ಔಷಧಿ, ಶಿಕ್ಷಣ, ಆಟ ಸಿಗಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಆದೇಶಿಸಿದೆ.

ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಜೈಲಿನ ಗೋಡೆಯ ಪಕ್ಕದಲ್ಲೇ ನಾವು ಎಷ್ಟೋ ಸಲ ಹಾದುಹೋಗುತ್ತೇವೆ. ಜೈಲು ಸೇವೆಯಲ್ಲಿ ತೊಡಗಿರುವ ನಮ್ಮ ಸ್ತ್ರೀ ಸಂಘಟನೆಗಳವರಿಗೆ, ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಉಪಯೋಗಕ್ಕೆ ಬರಬಹುದಾದ ಒಂದೆರಡು ಮಾಹಿತಿ ಇಲ್ಲಿ ಕೊಡುತ್ತೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಅರ್ಜಿ ಕೊಟ್ಟರಾಯಿತು, ಜೈಲಿನಿಂದಲೇ ಕಳುಹಿಸಲೂಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಎಂದೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಆದ್ದರಿಂದ ಮುಂದಿನ ಭೇಟಿಗೆ ಸೋಪು, ಬಟ್ಟೆ, ಬಿಸ್ಕತ್ತಿನ ಜತೆ ಒಂದು ಪುಸ್ತಕ, ಪೆನ್ನು ಇರಲಿ. ಬಂಧನದ ತಾರೀಕು, ಕೇಸಿನ ನಂಬರು, ವಕೀಲರು ಇದ್ದಾರೋ ಇಲ್ಲವೋ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನು ಜೈಲಿನ ಅಧಿಕಾರಿಗಳ ಒಪ್ಪಿಗೆ ಪಡೆದು ಕೇಳಿ ಬರೆದುಕೊಂಡು, ಪ್ರಾಧಿಕಾರದ ಕಚೇರಿಗೆ ಮುಟ್ಟಿಸಬಹುದು.