1,490 ಪದಗಳ ಪವಾಡ

ಹತ್ತು ಲಕ್ಷ ಪದಗಳ ಒಂದು ರಾಶಿ! ಪತ್ರಿಕಾ ವರದಿ, ಕಥೆ, ಕಾದಂಬರಿ, ವಿಜ್ಞಾನ ಲೇಖನ ಎಲ್ಲವೂ ಅದರಲ್ಲಿವೆ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ಬರಹಗಳಿಂದ 500 ತುಣುಕು ಆರಿಸಿ, ಬ್ರೌನ್ ವಿಶ್ವವಿದ್ಯಾಲಯದ ವಿದ್ವಾಂಸರು ಕಂಪ್ಯೂಟರಿನಲ್ಲಿ ಎಣಿಕೆಗೆ ಹಚ್ಚಿದರು. ಆ ರಾಶಿಯ ಅರ್ಧಭಾಗವನ್ನು ತುಂಬಿದ್ದು ಎಷ್ಟು ಬೇರೆ ಬೇರೆ ಪದಗಳು ಗೊತ್ತೆ? ಬರೀ 135! 'ದಿ' ಒಂದೇ ಸುಮಾರು 70 ಸಾವಿರ ಸಲ ಬಂದಿತ್ತು. ಇನ್ನೊಂದು ತುದಿಯಲ್ಲಿ ಸಾವಿರಾರು ಪದಗಳು ಒಂದೇ ಒಂದು ಸಲ ಮುಖ ತೋರಿಸಿ ಮಾಯವಾಗಿದ್ದವು.

ಇಂಗ್ಲಿಷ್ ಕಲಿಯುವುದೆಂದರೆ ದಪ್ಪ ಡಿಕ್ಷನರಿಯನ್ನು ಎ ಇಂದ ಝಡ್‌ವರೆಗೆ ಬಾಯಿಪಾಠ ಮಾಡುವುದು ಎಂದು ನಂಬಿ ಹೆದರಿದ ಮಕ್ಕಳೆಷ್ಟು! ಅವರೆಲ್ಲರಿಗೂ ಈ ಲೆಕ್ಕವನ್ನು ಕೂಗಿ ಹೇಳಬೇಕು ಅನ್ನಿಸುತ್ತದೆ.

ಇನ್ನೂ ಬೆರಗಿನ ಸಂಗತಿಯಿದೆ. ಕಂಪ್ಯೂಟರ್ ಹುಟ್ಟುವ ಮೊದಲೇ ಈ ಗುಟ್ಟಿನ ಬೆನ್ನು ಹತ್ತಿದವರೊಬ್ಬರು ಇದ್ದರು. ಅವರು ಲಂಡನ್ನಿನಲ್ಲಿ ಕೂತಿರಲಿಲ್ಲ, ನಮ್ಮ ಉಪಖಂಡದಲ್ಲೇ, ಢಾಕಾದಲ್ಲಿದ್ದರು! ಹೆಸರು ಮೈಕೇಲ್ ವೆಸ್ಟ್. ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರು. 1920ರ ದಶಕದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಪಠ್ಯಗಳನ್ನು ಬಿಡಿಸಿ ನೋಡಿದರೆ ಪುಟಪುಟಕ್ಕೂ ಗೊತ್ತಿಲ್ಲದ ಪದಗಳ ದಂಡು. ಅವುಗಳಲ್ಲಿ ಎಷ್ಟೋ ಪದಗಳು ಇಂಗ್ಲಿಷರೇ ದಿನನಿತ್ಯ ಆಡದ, ಹಳೆಯ ಕಾವ್ಯದಲ್ಲಷ್ಟೇ ಉಳಿದಿದ್ದ ಪದಗಳು! ವೆಸ್ಟ್ ಅವನ್ನು ಕಿತ್ತು ಹಾಕಿ ಬಳಕೆಯ ಪದಗಳನ್ನು ಕೂರಿಸಿದರು. ಜೊತೆಗೆ ಒಂದು ಸರಳ ನಿಯಮ ತಂದರು: ಸುಮಾರು 50 ಪದ ಓದುವಷ್ಟರಲ್ಲಿ ಹೊಸ ಪದ ಒಂದೇ ಬರಬೇಕು. ಗೊತ್ತಿರುವ 49 ಪದಗಳೇ ಆ ಒಂದು ಹೊಸ ಪದದ ಅರ್ಥ ಹೇಳಿಕೊಡುತ್ತವೆ!

ಆಮೇಲೆ 1935ರಲ್ಲಿ, ಎಂಡಿಕಾಟ್ ಎಂಬವರ ಜೊತೆಗೂಡಿ ವೆಸ್ಟ್ ಒಂದು ಡಿಕ್ಷನರಿ ತಂದರು. ಅದರಲ್ಲಿ ಅರ್ಥ ಹೇಳಿದ್ದು 24,000 ಪದ ಮತ್ತು ನುಡಿಗಟ್ಟುಗಳಿಗೆ. ಆ ಅರ್ಥಗಳನ್ನೆಲ್ಲ ಬರೆಯಲು ಬಳಸಿದ್ದು 1,490 ಪದಗಳನ್ನು ಮಾತ್ರ! ಇದು ಹೇಗೆ ಸಾಧ್ಯ? 'ಆರ್ಫನ್' ಎಂಬ ಪದವನ್ನೇ ತೆಗೆದುಕೊಳ್ಳಿ. ಮಗು, ಅಪ್ಪ, ಅಮ್ಮ, ಸಾವು ಇಷ್ಟಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಗೊತ್ತಿದ್ದರೆ ಸಾಕು, ಕೇಳುವವರ ಮನಸ್ಸಿಗೆ ಅರ್ಥ ತಟ್ಟಿಬಿಡುತ್ತದೆ. ನೆನಪಿಗೆ ಬಾರದ ಪದದ ಮುಂದೆ ತಡವರಿಸಿ ನಿಲ್ಲಬೇಕಿಲ್ಲ, ಸಣ್ಣ ಪದಗಳಲ್ಲೇ ಅದನ್ನು ವಿವರಿಸಿ ಮುಂದೆ ಹೋಗಬಹುದು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿಯೂ ಇದೇ ದಾರಿ ಹಿಡಿದು, ಸುಮಾರು 2,000 ಪದಗಳಲ್ಲೇ ತನ್ನ ಅರ್ಥವಿವರಣೆಯನ್ನೆಲ್ಲ ಬರೆಯಿತು.

ಹಾಗಾದರೆ ಆ ಸಣ್ಣ ಪದಗಳು ಸುಲಭವೇ? ಅಲ್ಲೇ ಇರುವುದು ಎರಡನೆಯ ಅಚ್ಚರಿ! ಒಂದನೇ ತರಗತಿಯ ಮಗುವಿಗೂ ಗೊತ್ತಿರುವ 'ರನ್' ಎಂಬ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು ಗುರುತಿಸಿದ ಅರ್ಥಗಳು 645. ಹುಡುಗ ಓಡಿದರೆ ರನ್. ನಲ್ಲಿಯಲ್ಲಿ ನೀರು ಬಂದರೆ ರನ್, ಮೂಗು ಸೋರಿದರೆ ರನ್, ಅಂಗಡಿ ನಡೆಸಿದರೆ ರನ್, ಚುನಾವಣೆಗೆ ನಿಂತರೂ ರನ್!

ಇದು ಕನ್ನಡಿಗರಿಗೆ ಹೊಸದೇ? ನಮ್ಮ 'ಹಾಕು' ನೋಡಿ. ಬಾಗಿಲು ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಊಟ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಕಣ್ಣು ಹಾಕುತ್ತೇವೆ. ಇವುಗಳ ಪಟ್ಟಿ ಕೊಟ್ಟು ಯಾರೂ ನಮಗೆ ಕಲಿಸಲಿಲ್ಲ. ಬಾಗಿಲಿನ ಜೊತೆ, ರಂಗೋಲಿಯ ಜೊತೆ, ಊಟದ ಜೊತೆ ಕೇಳಿ ಕೇಳಿ ಕಲಿತೆವು. ಕನ್ನಡವನ್ನು ಈ ಬಗೆಯಲ್ಲಿ ಗೆದ್ದ ಮಿದುಳಿಗೆ ಇಂಗ್ಲಿಷ್ ಹೇಗೆ ತಾನೇ ಅಸಾಧ್ಯ!

ಪದದ ಅರ್ಥವಿರುವುದು ಅದರ ಒಡನಾಡಿಗಳಲ್ಲಿ. ಹೋಟೆಲಿನಲ್ಲಿ 'ಸ್ಟ್ರಾಂಗ್ ಕಾಫಿ' ಕೇಳುವ ನಮಗೆ 'ಪವರ್‌ಫುಲ್ ಕಾಫಿ' ಎಂದರೆ ಕಿವಿಗೆ ಒಗ್ಗುವುದಿಲ್ಲ. ಎರಡೂ ಪದಗಳ ಅರ್ಥ ಹೆಚ್ಚುಕಡಿಮೆ ಒಂದೇ, ಆದರೂ ಕಾಫಿ ಬಯಸುವುದು ಸ್ಟ್ರಾಂಗ್ ಪದವನ್ನೇ. ಜೋರು ಮಳೆ ಇಂಗ್ಲಿಷಿನಲ್ಲಿ 'ಹೆವಿ', ಜೋರು ಗಾಳಿ ಮಾತ್ರ 'ಸ್ಟ್ರಾಂಗ್'! ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಈ ಒಡನಾಟವನ್ನೇ ಹಿಡಿದು, ಜನ ನಿಜವಾಗಿ ಆಡಿದ, ಬರೆದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ಕೂಡಿಹಾಕಿದರು. 1987ರಲ್ಲಿ ಬಂದ ಅವರ ಕೋಬಿಲ್ಡ್ ಡಿಕ್ಷನರಿಯಲ್ಲಿ ಅರ್ಥಗಳು ಒಣ ಪದಗಳಾಗಿರದೆ, ಮೇಷ್ಟ್ರು ತರಗತಿಯಲ್ಲಿ ಹೇಳುವಂಥ ಪೂರ್ತಿ ವಾಕ್ಯಗಳಾಗಿದ್ದವು.

ಹಾಗಾಗಿ ನೋಟ್‌ಬುಕ್ಕಿನಲ್ಲಿ 'ರನ್ ಅಂದರೆ ಓಡು' ಎಂದು ಬರೆದು ಮುಚ್ಚಿಡಬೇಡಿ. 'ಶಿ ರನ್ಸ್ ಎ ಶಾಪ್' ಎಂದು ಪೂರ್ತಿ ವಾಕ್ಯ ಬರೆಯಿರಿ. ನಿಮ್ಮ ಬೀದಿಯಲ್ಲಿ ಅಂಗಡಿ ನಡೆಸುವ ಅಕ್ಕನನ್ನು ನೆನೆದು ಬರೆಯಿರಿ. ನಾಳೆ ಅದರ ಕೆಳಗೆ ನಲ್ಲಿ ನೀರಿನ ವಾಕ್ಯ, ನಾಡಿದ್ದು ಚುನಾವಣೆಯದ್ದು. ಅಪರೂಪದ ಪದಗಳ ಹಿಂದೆ ಓಡುವ ಮೊದಲು, ಮತ್ತೆ ಮತ್ತೆ ಎದುರಾಗುವ ಪದಗಳ ಗೆಳೆತನ ಮಾಡಿ. ಅವು ಎರಡು ಸಾವಿರದ ಆಸುಪಾಸಿನಲ್ಲಿವೆ, ಅಷ್ಟೇ! ಬಸ್ಸು, ಟಿಕೆಟ್, ರೋಡು, ಡಾಕ್ಟರ್ ಎನ್ನುತ್ತಲೇ ಬೆಳೆದ ನಮಗೆ ಅವುಗಳಲ್ಲಿ ಎಷ್ಟೋ ಪದಗಳು ಈಗಾಗಲೇ ಬಾಯಲ್ಲಿವೆ. ಲೆಕ್ಕ ಇಡಲು ಶುರುಮಾಡಿ, ನಿಮಗೆಷ್ಟು ಇಂಗ್ಲಿಷ್ ಗೊತ್ತಿದೆ ಎಂದು ನೀವೇ ಬೆರಗಾಗುತ್ತೀರಿ!